ಡ್ರೈನ್ ಬೋಲ್ಟು ಅಲುಗುತ್ತಿಲ್ಲ, ತಲೆಯೂ ಸವೆಯಿತು: ಈಗೇನು ಮಾಡಲಿ?

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಊರು ಉಡುಪಿಯ ಹತ್ತಿರ, ಕಡಲಿನಿಂದ ಹೆಚ್ಚು ದೂರವಿಲ್ಲ. ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸುವಂಥ ಸಣ್ಣ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಕಳೆದ ಸಲ ಸಮಯವಿಲ್ಲದೆ ಗ್ಯಾರೇಜೊಂದರಲ್ಲಿ ಆಯಿಲ್ ಬದಲಾಯಿಸಿದ್ದೆ. ಈಗ ಡ್ರೈನ್ ಬೋಲ್ಟು, ಅಂದರೆ ಎಂಜಿನ್ ಅಡಿಯಿಂದ ಹಳೆಯ ಆಯಿಲ್ ಹೊರಬಿಡುವ ಬೋಲ್ಟು, ಅಲುಗುತ್ತಿಲ್ಲ. 17ರ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದಾಗ ಸ್ಪ್ಯಾನರ್ ಜಾರಿ ಬೋಲ್ಟಿನ ಮೂಲೆಗಳು ಉರುಟಾದವು. ಅದೇ ದಿನ ವಾಲ್ವ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಸುತ್ತ ಆಯಿಲ್ ಜಿನುಗುತ್ತಿದೆಯೆಂದು ಅದರ ಸಣ್ಣ ಬೋಲ್ಟುಗಳನ್ನು ಬಿಗಿ ಮಾಡಿದೆ. ಒಂದು ಬೋಲ್ಟು ಬಿಗಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಹಗುರಾಯಿತು. ಈಗ ಸುಮ್ಮನೆ ತಿರುಗುತ್ತಿದೆ. "ಬೋಲ್ಟು ಎಷ್ಟು ಬಿಗಿಯಿದ್ದರೂ ಒಳ್ಳೆಯದೇ, ಸಡಿಲವಾದರೆ ತಾನೇ ಅಪಾಯ" ಎಂದು ಸ್ನೇಹಿತರು ಹೇಳುತ್ತಾರೆ. ಗಾಡಿ ಓಡಿಸಬಹುದೇ? ಎಂಜಿನ್ ಬಿಚ್ಚಬೇಕಾಗುತ್ತದೆಯೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಆತುರದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಗಾಡಿ ಓಡಿಸಬಹುದು. ಡ್ರೈನ್ ಬೋಲ್ಟಿನಿಂದ ಹನಿ ಬೀಳುತ್ತಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎರಡು ಗುರುತುಗಳ ನಡುವೆ ಇದೆ ಎಂದಾದರೆ ಬದಲಾವಣೆ ಕೆಲವು ನೂರು ಕಿಲೋಮೀಟರ್ ತಡವಾದರೂ ಎಂಜಿನ್‌ಗೆ ಕೇಡಿಲ್ಲ. ವಾಲ್ವ್ ಕವರ್ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅಲ್ಲಿಂದ ಜಿನುಗಿದ ಆಯಿಲ್ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಸುಟ್ಟ ವಾಸನೆ ಬರುತ್ತದೆ, ಬಾನೆಟ್ ಸಂದಿಯಿಂದ ಹೊಗೆ ಏಳುತ್ತದೆ. ಹಾಗೇನಾದರೂ ಕಂಡರೆ ಗಾಡಿ ನಿಲ್ಲಿಸಿಬಿಡಿ, ಅದು ಬೆಂಕಿಗೆ ದಾರಿ. ಎಂಜಿನ್ ಬಿಚ್ಚುವ ಪ್ರಸಂಗ ಬರಲಾರದು. ನೀವು ಹೇಳಿದ ಎರಡೂ ತೊಂದರೆಗಳಿಗೆ ಹೊರಗಿನಿಂದಲೇ ಪರಿಹಾರವಿದೆ.

ಆದರೆ ಈಗ ಕೈಯಲ್ಲಿರುವ ಸ್ಪ್ಯಾನರನ್ನು ಕೆಳಗಿಡಿ. ಮೂಲೆ ಸವೆದ ಬೋಲ್ಟಿನ ಮೇಲೆ ಅದೇ ಸ್ಪ್ಯಾನರ್ ಇನ್ನೊಮ್ಮೆ ಜಾರಿದರೆ ಮುಂದಿನ ಸಾಧನಕ್ಕೆ ಹಿಡಿಯಲು ಲೋಹವೇ ಉಳಿಯುವುದಿಲ್ಲ. ಗ್ಯಾರೇಜಿಗೆ ಬರುವ ಕೆಟ್ಟ ಬೋಲ್ಟುಗಳಲ್ಲಿ ಹೆಚ್ಚಿನವು ಮೊದಲ ಜಾರಿಕೆಯಿಂದ ಕೆಟ್ಟವಲ್ಲ; ಸಿಟ್ಟಿನಲ್ಲಿ ಮತ್ತೆ ಮತ್ತೆ ಎಳೆದು ಕೆಟ್ಟವು.

ಇನ್ನು ನಿಮ್ಮ ಸ್ನೇಹಿತರ ಮಾತು. ಸಡಿಲ ಬೋಲ್ಟು ಅಪಾಯ ಎಂಬುದು ನಿಜ. ಅತಿ ಬಿಗಿ ಸುರಕ್ಷಿತ ಎಂಬುದು ಸುಳ್ಳು. ಬೋಲ್ಟು ಎರಡು ಭಾಗಗಳನ್ನು ಹಿಡಿದಿಡುವುದು ತಾನು ಹಿಗ್ಗುವುದರಿಂದ. ತಲೆಯನ್ನು ತಿರುಗಿಸಿದಂತೆಲ್ಲ ಅದರ ಕಾಂಡ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಗಟ್ಟಿ ಸ್ಪ್ರಿಂಗಿನಂತೆ ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಒಂದು ಮಿತಿಯವರೆಗೆ ಹಿಗ್ಗಿದ ಬೋಲ್ಟು ಬಿಚ್ಚಿದಾಗ ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ದಾಟಿದರೆ ಮರಳುವುದಿಲ್ಲ. ಕಾಂಡ ಸಣಕಲಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಇನ್ನೊಂದು ಸುತ್ತು ತಿರುಗಿಸಿದರೆ ತುಂಡಾಗುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುವುದನ್ನು ನೋಡಿರಬಹುದು. ಮೊದಲ 8 ಎಂದರೆ 800 ಮೆಗಾಪ್ಯಾಸ್ಕಲ್ ಎಳೆತದಲ್ಲಿ ತುಂಡಾಗುತ್ತದೆ ಎಂದು. ಎರಡನೆಯ 8 ಎಂದರೆ ಅದರ ಶೇ. 80ರಲ್ಲಿ, ಅಂದರೆ 640ರಲ್ಲಿಯೇ, ಶಾಶ್ವತವಾಗಿ ಹಿಗ್ಗಿಬಿಡುತ್ತದೆ ಎಂದು.

ಕಾರುಗಳಲ್ಲಿ ಬಹಳ ಸಲ ಬೋಲ್ಟಿಗಿಂತ ಮೊದಲು ಸೋಲುವುದು ತೂತು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಗೇರ್‌ಬಾಕ್ಸ್ ಹೊದಿಕೆ ಅಲ್ಯೂಮಿನಿಯಂ, ಹಲವು ಕಾರುಗಳಲ್ಲಿ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ಚೇಂಬರ್, ಅದೂ ಅಲ್ಯೂಮಿನಿಯಂ. ಉಕ್ಕಿನ ಬೋಲ್ಟಿಗೆ ಏನೂ ಆಗದೆ ತೂತಿನ ಒಳಗಿನ ಅಲ್ಯೂಮಿನಿಯಂ ಥ್ರೆಡ್ಡುಗಳು, ಅಂದರೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಏಣುಗಳು, ಕಿತ್ತುಬರುತ್ತವೆ. ಬಿಗಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಹಗುರಾಯಿತು ಎಂದು ನೀವು ಬರೆದಿದ್ದೀರಲ್ಲ, ಆ ಕ್ಷಣದಲ್ಲಿ ಆದದ್ದು ಬಹುತೇಕ ಅದೇ. ಕೈಗೆ ಗೊತ್ತಾಗುವ ಆ ಹಗುರನ್ನು ನೆನಪಿಟ್ಟುಕೊಳ್ಳಿ. ಬೋಲ್ಟು ಮೆತ್ತಗಾಗುತ್ತಿದೆ ಎನಿಸಿದ ಕೂಡಲೇ ಕೈ ನಿಲ್ಲಿಸಿದರೆ ಹಲವು ಸಲ ಥ್ರೆಡ್ ಉಳಿದುಕೊಳ್ಳುತ್ತದೆ.

ನಾವು ಸ್ಪ್ಯಾನರಿಗೆ ಹಾಕುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದೆಲ್ಲ ತಲೆಯ ಅಡಿಯ ಮತ್ತು ಥ್ರೆಡ್ಡಿನ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಒಣ ಬೋಲ್ಟಿಗೆ ಹೇಳಿದ ಬಿಗಿಯನ್ನು ಗ್ರೀಸ್ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಘರ್ಷಣೆ ಇಳಿದು, ಅದೇ ಶಕ್ತಿಗೆ ಬೋಲ್ಟು ಎಷ್ಟೋ ಹೆಚ್ಚು ಹಿಗ್ಗುತ್ತದೆ. ತುಕ್ಕು ಹಿಡಿದ ಬೋಲ್ಟಿನಲ್ಲಿ ಇದು ತಿರುವುಮುರುವು: ಕೈಗೆ ಬಿಗಿ ಎನಿಸುತ್ತದೆ, ಒಳಗೆ ಹಿಡಿತವೇ ಇರುವುದಿಲ್ಲ. "ನನ್ನ ಕೈಗೆ ಅಂದಾಜಿದೆ" ಎನ್ನುವವರನ್ನು ಬೋಲ್ಟು ಮೋಸ ಮಾಡುವುದು ಇಲ್ಲಿಯೇ.

ಡ್ರೈನ್ ಬೋಲ್ಟು ಇಷ್ಟು ಬಿಗಿಯಾಗಲು ಕಾರಣವೇನಿರಬಹುದು? ಗ್ಯಾರೇಜಿನಲ್ಲಿ ಇಂಪ್ಯಾಕ್ಟ್ ಗನ್, ಅಂದರೆ ಬೋಲ್ಟು ತಿರುಗಿಸುವ ಯಂತ್ರ, ಹಿಡಿದು ಬಿಗಿದಿರಬಹುದು. ಆದರೆ ನಾನು ಹೆಚ್ಚಾಗಿ ಕಂಡಿರುವುದು ಹಳೆಯ ವಾಷರ್. ಡ್ರೈನ್ ಬೋಲ್ಟಿನ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿದಾಗ ಚಪ್ಪಟೆಯಾಗಿ ಸೋರಿಕೆ ತಡೆಯುವಂಥದ್ದು. ಅದನ್ನೇ ಮತ್ತೆ ಹಾಕಿದರೆ ಸ್ವಲ್ಪ ಜಿನುಗುತ್ತದೆ. ಜಿನುಗಿತೆಂದು ಇನ್ನಷ್ಟು ಬಿಗಿಯುತ್ತಾರೆ. ಚಿಲ್ಲರೆ ಹಣದ ವಾಷರ್ ಉಳಿಸಲು ಹೋಗಿ ಚೇಂಬರ್ ಹಾಳಾಗುತ್ತದೆ. ಅತಿ ಬಿಗಿಯ ಹಿಂದೆ ಇರುವುದು ಬಹುಪಾಲು ಸೋರಿಕೆಯ ಭಯ. ಸೋರಿಕೆಗೆ ಮದ್ದು ಹೊಸ ವಾಷರ್ ಮತ್ತು ಅದು ಕೂರುವ ಸ್ವಚ್ಛ ಮೇಲ್ಮೈ.

ಮತ್ತೊಂದು ಸಾಧ್ಯತೆಯನ್ನೂ ನೋಡಬೇಕು. ಬಿಚ್ಚುತ್ತಿದ್ದೇನೆ ಎಂದುಕೊಂಡು ನೀವೇ ಬಿಗಿದಿರಬಹುದು. ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ತಲೆ ಯಾವ ಕಡೆಗೋ ಇಟ್ಟುಕೊಂಡು ಕೈಚಾಚಿದಾಗ ಎಡ ಬಲ ಗೊಂದಲವಾಗುವುದು ಸಾಮಾನ್ಯ. ಬೋಲ್ಟಿನ ತಲೆಯನ್ನು ನೇರ ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುವುದು. ಮುಂದಿನ ಸಲ ಚೇಂಬರ್ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿಕೊಂಡೇ ಸ್ಪ್ಯಾನರ್ ಹಿಡಿಯಿರಿ.

ಉರುಟಾದ ಡ್ರೈನ್ ಬೋಲ್ಟು

ಈಗಲೇ ಆಯಿಲ್ ಬದಲಾಯಿಸಲೇಬೇಕೆಂದಿದ್ದರೆ ಬೋಲ್ಟನ್ನು ಮುಟ್ಟದೆಯೂ ಒಂದು ದಾರಿಯಿದೆ. ಹಲವು ಕಾರುಗಳಲ್ಲಿ ಡಿಪ್‌ಸ್ಟಿಕ್ ಕೊಳವೆಯ ಮೂಲಕ ತೆಳು ನಳಿಕೆ ಇಳಿಸಿ, ಹೀರು ಪಂಪಿನಿಂದ ಬೆಚ್ಚಗಿನ ಆಯಿಲನ್ನು ಹೊರತೆಗೆಯಬಹುದು. ತಳದಲ್ಲಿ ಸ್ವಲ್ಪ ಉಳಿಯಬಹುದು, ಅಷ್ಟರಿಂದ ತೊಂದರೆಯಿಲ್ಲ. ಬೋಲ್ಟಿನ ಕೆಲಸವನ್ನು ಸರಿಯಾದ ಸಾಧನ ಸಿಕ್ಕಾಗ ಸಮಾಧಾನದಿಂದ ಮಾಡಿ.

ಕೆಲಸಕ್ಕೆ ಇಳಿಯುವ ಮೊದಲು ಗಾಡಿ ಸಮತಟ್ಟು ನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟಿರಿ, ಮುಂಭಾಗ ಜ್ಯಾಕ್ ಸ್ಟ್ಯಾಂಡ್ ಮೇಲೆ ಕುಳಿತಿರಲಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಯಲ್ಲಿ ಮಲಗಿ ಉದ್ದ ಹಿಡಿಕೆ ಎಳೆಯುವುದು ಪ್ರಾಣಕ್ಕೆ ಅಪಾಯ. ಆ ಎಳೆತವೇ ಗಾಡಿಯನ್ನು ಜ್ಯಾಕಿನಿಂದ ಜಾರಿಸಬಲ್ಲದು. ಈ ಒಂದು ವಿಷಯದಲ್ಲಿ ರಿಯಾಯಿತಿ ಬೇಡ.

ವೈರ್ ಬ್ರಷ್‌ನಿಂದ ಬೋಲ್ಟಿನ ತಲೆ ಮತ್ತು ಸುತ್ತಲಿನ ಜಾಗ ಉಜ್ಜಿ. ಕಡಲ ಗಾಳಿಯ ಊರಾದ್ದರಿಂದ ತಲೆಯ ಅಂಚಿನಲ್ಲಿ ತುಕ್ಕಿನ ಪದರ ಇದ್ದೇ ಇರುತ್ತದೆ. ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಸಿಂಪಡಿಸಿ ಬಿಡಿ. ಡ್ರೈನ್ ಬೋಲ್ಟಿನ ಒಳಗಿನ ಥ್ರೆಡ್ಡು ಸದಾ ಆಯಿಲಿನಲ್ಲೇ ಮುಳುಗಿರುವುದರಿಂದ ಅಲ್ಲಿ ತುಕ್ಕು ಅಪರೂಪ; ಹೀಗಾಗಿ ಸ್ಪ್ರೇಯಿಂದ ಪವಾಡ ನಿರೀಕ್ಷಿಸಬೇಡಿ. ಎಂಜಿನನ್ನು ಐದು ನಿಮಿಷ ಓಡಿಸಿ ಚೇಂಬರ್ ಬೆಚ್ಚಗಾಗಿಸುವುದು ಹೆಚ್ಚು ಫಲ ಕೊಡುತ್ತದೆ, ಅದೂ ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತೂತು ಬೋಲ್ಟಿನ ಮೇಲಿನ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ. ಕೈ ಸುಡುವಷ್ಟು ಕಾಯಿಸಬೇಡಿ, ಬೋಲ್ಟು ಕಳಚಿದ ಕೂಡಲೇ ಆಯಿಲ್ ನಿಮ್ಮ ಮುಂಗೈ ಮೇಲೆಯೇ ಸುರಿಯುವುದು.

ಸಾಧನಗಳಲ್ಲಿ ಮೊದಲ ಆಯ್ಕೆ ಬೋಲ್ಟ್ ಎಕ್ಸ್‌ಟ್ರಾಕ್ಟರ್ ಸಾಕೆಟ್. ಒಳಗೆ ಸುರುಳಿಯಂಥ ಹಲ್ಲುಗಳಿರುತ್ತವೆ. ಉರುಟಾದ ತಲೆಯ ಮೇಲೆ ಸುತ್ತಿಗೆಯಿಂದ ತಟ್ಟಿ ಕೂರಿಸಿ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಹಲ್ಲು ಲೋಹವನ್ನು ಇನ್ನಷ್ಟು ಕಚ್ಚುತ್ತದೆ. ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆಯ ಸಾಧನ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಅದಿಲ್ಲದಿದ್ದರೆ 16ರ ಆರು ಮೂಲೆಯ ಸಾಕೆಟ್ಟನ್ನು ತಟ್ಟಿ ಕೂರಿಸಬಹುದು. ಹನ್ನೆರಡು ಮೂಲೆಯದು ಬೇಡ. ಅದು ಬೋಲ್ಟಿನ ಮೂಲೆಗಳನ್ನಷ್ಟೇ ಹಿಡಿಯುತ್ತದೆ, ಆರು ಮೂಲೆಯದು ಬದಿಗಳನ್ನು ಹಿಡಿಯುತ್ತದೆ. ತಲೆಯ ಮೇಲೆ ನೇರವಾಗಿ ಎರಡು ಮೂರು ಚುರುಕಾದ ಪೆಟ್ಟು ಕೊಟ್ಟರೆ ವಾಷರಿನ ಹಿಡಿತವೂ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಚೇಂಬರ್ ಆದರೆ ಪೆಟ್ಟು ಹಗುರಾಗಿರಲಿ, ಅದು ಬಿರುಕು ಬಿಡುತ್ತದೆ. ಎಳೆಯುವಾಗ ಒಮ್ಮೆಲೇ ಜಗ್ಗಬೇಡಿ. ಸಾಕೆಟ್ಟನ್ನು ಒಂದು ಕೈಯಿಂದ ತಲೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಏರುತ್ತಾ ಹೋಗುವ ಒಂದೇ ಸಮನಾದ ಶಕ್ತಿ ಕೊಡಿ.

ಇದಕ್ಕೂ ಬಗ್ಗದಿದ್ದರೆ ತಲೆಗೆ ಒಂದು ನಟ್ಟು ವೆಲ್ಡ್ ಮಾಡಿ ಬಿಚ್ಚುವುದು ಮುಂದಿನ ಉಪಾಯ. ಬಹಳ ಪರಿಣಾಮಕಾರಿ, ಆದರೆ ಮನೆಯಲ್ಲಿ ಮಾಡುವಂಥದ್ದಲ್ಲ. ಮೇಲೆ ಆಯಿಲ್ ತುಂಬಿದೆ, ಬ್ಯಾಟರಿ ಬಿಚ್ಚದೆ ವೆಲ್ಡ್ ಮಾಡಿದರೆ ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು. ಅನುಭವಿ ವರ್ಕ್‌ಶಾಪಿಗೆ ಬಿಡಿ. ಗ್ಯಾಸ್ ಟಾರ್ಚ್ ಹಿಡಿದು ಚೇಂಬರ್ ಕಾಯಿಸುವುದಂತೂ ಬೇಡವೇ ಬೇಡ.

ಈಸಿ ಔಟ್ ಎಂಬ ತೆಳು ಸಾಧನದ ಬಗ್ಗೆಯೂ ಹೇಳಿಬಿಡುತ್ತೇನೆ. ತುಂಡಾದ ಬೋಲ್ಟಿನ ನಡುವೆ ತೂತು ಕೊರೆದು ಅದನ್ನು ಎಡಕ್ಕೆ ತಿರುಗಿಸಿ ಹೊರತೆಗೆಯುವುದು ಅದರ ಕೆಲಸ. ಅದನ್ನು ತುಂಬ ಗಡಸು ಉಕ್ಕಿನಿಂದ ಮಾಡಿರುತ್ತಾರೆ, ಹೀಗಾಗಿ ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಒಳಗೆ ಮುರಿದ ಮೇಲೆ ಸಾಮಾನ್ಯ ಡ್ರಿಲ್ ಬಿಟ್‌ನಿಂದ ಅದನ್ನು ಕೊರೆಯಲಾಗದು. ನಿಮ್ಮ ಬೋಲ್ಟಿಗೆ ತಲೆ ಇನ್ನೂ ಇದೆ, ಅದಕ್ಕೆ ಈಸಿ ಔಟ್ ಯೋಚನೆಯೇ ಬೇಡ.

ಬೋಲ್ಟು ಹೊರಬಂದ ಮೇಲೆ ಅದರ ಥ್ರೆಡ್ಡನ್ನು ಬೆಳಕಿಗೆ ಹಿಡಿದು ನೋಡಿ. ಸಂದಿಗಳಲ್ಲಿ ಬೆಳ್ಳಿಬಣ್ಣದ ಲೋಹದ ಸುರುಳಿ ಸಿಕ್ಕಿಕೊಂಡಿದ್ದರೆ ಚೇಂಬರಿನ ಥ್ರೆಡ್ ಕಿತ್ತುಬಂದಿದೆ ಎಂದರ್ಥ. ಥ್ರೆಡ್ ಚೊಕ್ಕಟವಾಗಿದ್ದರೆ ನೀವು ಗೆದ್ದಿರಿ: ಹೊಸ ಬೋಲ್ಟು, ಹೊಸ ವಾಷರ್, ಮುಗಿಯಿತು. ಕಿತ್ತಿದ್ದರೆ ಥ್ರೆಡ್ ಇನ್ಸರ್ಟ್ ಹಾಕಿಸಿ. ಹಳೆಯ ತೂತನ್ನು ತುಸು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಕೊಳವೆಯಂಥ ಉಕ್ಕಿನ ತುಂಡನ್ನು ಕೂರಿಸುತ್ತಾರೆ. ಮೂಲ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಸರಿಯಾಗಿ ಮಾಡಿದರೆ ಅದು ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತಲೂ ಗಟ್ಟಿ. ಲೋಹದ ಚೂರು ಒಳಗೆ ಬೀಳದಂತೆ ಟ್ಯಾಪಿನ (ಥ್ರೆಡ್ ಕೊರೆಯುವ ಸಾಧನದ) ಹಲ್ಲುಗಳಿಗೆ ಗ್ರೀಸ್ ಹಚ್ಚಿಕೊಂಡು ಕೊರೆಯುವುದು, ಕೊನೆಗೆ ಸ್ವಲ್ಪ ಆಯಿಲ್ ಸುರಿದು ತೊಳೆಯುವುದು ಒಳ್ಳೆಯ ಕೆಲಸಗಾರನ ಗುರುತು.

ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಬೋಲ್ಟನ್ನು ತುರುಕುವವರಿದ್ದಾರೆ. ಊರು ಮುಟ್ಟುವವರೆಗಿನ ವ್ಯವಸ್ಥೆಯಾಗಿ ಒಪ್ಪಬಹುದು, ಆದರೆ ಅಲ್ಯೂಮಿನಿಯಂ ಚೇಂಬರ್ ಸೀಳಬಹುದು, ಮುಂದಿನ ಆಯಿಲ್ ಬದಲಾವಣೆಯಲ್ಲಿ ಮತ್ತೆ ಇದೇ ಕಥೆ. ಟೆಫ್ಲಾನ್ ಟೇಪ್ ಸುತ್ತಿ ಎಂ-ಸೀಲ್ ಮೆತ್ತುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಹೆದ್ದಾರಿಯಲ್ಲಿ ಆ ಬೋಲ್ಟು ಕಳಚಿದರೆ ಆಯಿಲ್ ಒತ್ತಡದ ದೀಪ ಹೊತ್ತುವ ಹೊತ್ತಿಗೆ ಎಂಜಿನ್ ಜಾಮ್ ಆಗುವ ಹಂತಕ್ಕೆ ಬಂದಿರುತ್ತದೆ.

ಸುಮ್ಮನೆ ತಿರುಗುವ ಸಣ್ಣ ಬೋಲ್ಟು

ವಾಲ್ವ್ ಕವರ್ ಬೋಲ್ಟುಗಳು ಸಾಮಾನ್ಯವಾಗಿ ಎಂ6, ಅಂದರೆ 6 ಮಿಲಿಮೀಟರ್ ದಪ್ಪದವು, ತಲೆಗೆ 10ರ ಸ್ಪ್ಯಾನರ್. ಅವುಗಳಿಗೆ ಬೇಕಾದ ಬಿಗಿ 10 ನ್ಯೂಟನ್ ಮೀಟರಿನ ಆಸುಪಾಸು. ಹತ್ತು ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ 10 ಕಿಲೋ ತೂಕದಷ್ಟು ಒತ್ತಿದರೆ ಅಷ್ಟಾಯಿತು. ಅದೇ ಬೋಲ್ಟಿಗೆ ಕಾಲು ಮೀಟರ್ ಉದ್ದದ ಅರ್ಧ ಇಂಚಿನ ರಾಟ್ಚೆಟ್ ಹಾಕಿದರೆ 4 ಕಿಲೋ ಸಾಕು, ಅಂದರೆ ಕೈ ಆನಿಸಿದರೂ ಆಯಿತು. 10ರ ಸ್ಪ್ಯಾನರನ್ನು ಗಿಡ್ಡವಾಗಿ ಮಾಡಿರುವುದು ಇದಕ್ಕೇ. ಸಣ್ಣ ಬೋಲ್ಟಿಗೆ ದೊಡ್ಡ ಹಿಡಿಕೆ ಹಾಕದಿರುವುದೊಂದೇ ಮನೆಗೆಲಸದ ಅರ್ಧ ಅನಾಹುತ ತಪ್ಪಿಸುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ಹಲವು ಎಂಜಿನ್‌ಗಳಲ್ಲಿ ಈ ಬೋಲ್ಟುಗಳ ಕಾಂಡದಲ್ಲಿ ಮೆಟ್ಟಿಲು, ಅಂದರೆ ದಪ್ಪ ಭಾಗ, ಇರುತ್ತದೆ. ಅದು ತಳ ಮುಟ್ಟಿದ ಮೇಲೆ ಎಷ್ಟು ಬಿಗಿದರೂ ಸೋರಿಕೆ ತಡೆಯುವ ಗ್ಯಾಸ್ಕೆಟ್ ಮೇಲಿನ ಒತ್ತಡ ಹೆಚ್ಚುವುದಿಲ್ಲ, ಥ್ರೆಡ್ ಮಾತ್ರ ನಲುಗುತ್ತದೆ. ಒಂಬತ್ತು ವರ್ಷದ ಎಂಜಿನ್‌ನ ಶಾಖಕ್ಕೆ ರಬ್ಬರ್ ಗ್ಯಾಸ್ಕೆಟ್ ಒಣಗಿ ಗಟ್ಟಿಯಾಗಿರುತ್ತದೆ. ಸೋರಿಕೆ ನಿಲ್ಲಬೇಕಾದರೆ ಗ್ಯಾಸ್ಕೆಟ್ ಬದಲಾಗಬೇಕು.

ಬೋಲ್ಟನ್ನು ತೆಗೆದು, ಪಕ್ಕದ ಒಳ್ಳೆಯ ಬೋಲ್ಟಿನ ಥ್ರೆಡ್ಡಿಗೆ ಥ್ರೆಡ್ಡು ಕೂಡಿಸಿ ಹಿಡಿದು ನೋಡಿ. ಎಲ್ಲಾದರೂ ಬೆಳಕು ತೂರಿದರೆ, ಕುತ್ತಿಗೆ ಸಣಕಲಾಗಿದ್ದರೆ ಬೋಲ್ಟು ಹಿಗ್ಗಿದೆ. ಬದಲಾಯಿಸಿದರೆ ಮುಗಿಯಿತು. ಬೋಲ್ಟು ಸರಿಯಿದ್ದರೆ ತೂತು ಹೋಗಿದೆ. ಆಗ ಒಂದು ಸುಲಭದ ಪರೀಕ್ಷೆ ಮಾಡಿ: ತೆಳು ತಂತಿಯಿಂದ ತೂತಿನ ಆಳ ಅಳೆಯಿರಿ. ಬೋಲ್ಟು ಇಳಿಯುವುದಕ್ಕಿಂತ ತೂತು ಆಳವಾಗಿದ್ದರೆ ತಳದಲ್ಲಿ ಮುಟ್ಟದ ಥ್ರೆಡ್ ಉಳಿದಿರಬಹುದು. ಐದು ಮಿಲಿಮೀಟರ್ ಹೆಚ್ಚು ಉದ್ದದ ಬೇರೆ ಬೋಲ್ಟು ಅದನ್ನು ಹಿಡಿಯುತ್ತದೆ. ಬೋಲ್ಟು ತಳಕ್ಕೆ ತಾಗಬಾರದು, ತಾಗಿದರೆ ಹೆಡ್ ಬಿರುಕು ಬಿಡುವ ಭಯ. ಮೆಟ್ಟಿಲಿರುವ ಬೋಲ್ಟಾದರೆ ಈ ಉಪಾಯ ನಡೆಯದು.

ಉಳಿದ ದಾರಿ ಹೆಲಿಕಾಯಿಲ್, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಎಂ6ಕ್ಕೆ ಸಾಮಾನ್ಯವಾಗಿ 6.2ರಿಂದ 6.3 ಮಿಲಿಮೀಟರ್ ತೂತು ಕೊರೆದು, ಕಿಟ್ಟಿನಲ್ಲಿ ಬರುವ ಟ್ಯಾಪ್ ಹಾಕಿ, ಸುರುಳಿಯನ್ನು ಮೇಲ್ಮೈಗಿಂತ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಇಳಿಸುತ್ತಾರೆ. ಕೊರೆಯುವಾಗ ಡ್ರಿಲ್ ನೇರವಾಗಿರಲಿ, ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ, ಸುತ್ತಲಿನ ಎಂಜಿನ್ ಭಾಗವನ್ನು ಬಟ್ಟೆಯಿಂದ ಮುಚ್ಚಿ. ಕೊನೆಯಲ್ಲಿ ಸುರುಳಿಯ ತಳದ ಪುಟ್ಟ ನಾಲಿಗೆಯನ್ನು ಮುರಿದು ಹೊರತೆಗೆಯಬೇಕು. ಅದು ಕೈತಪ್ಪಿ ಕ್ಯಾಮ್‌ಶಾಫ್ಟ್ ಬಳಿ ಬಿದ್ದರೆ ದೊಡ್ಡ ಹಾನಿ. ಅಯಸ್ಕಾಂತಕ್ಕೆ ಅದು ಸರಿಯಾಗಿ ಅಂಟದು, ಚಿಮುಟದಿಂದಲೇ ಹಿಡಿಯಿರಿ. ಇದನ್ನು ಮೊದಲ ಸಲ ಮಾಡುವುದಾದರೆ ಗುಜರಿಯಿಂದ ತಂದ ಅಲ್ಯೂಮಿನಿಯಂ ತುಂಡಿನ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಎಂಜಿನ್‌ಗೆ ಬನ್ನಿ.

ಇನ್ನು ಮುಂದೆ

ಟಾರ್ಕ್ ರೆಂಚ್, ಅಂದರೆ ಹೊಂದಿಸಿದಷ್ಟು ಬಿಗಿ ಮುಟ್ಟಿದಾಗ ಕ್ಲಿಕ್ ಎನ್ನುವ ಸ್ಪ್ಯಾನರ್, ಕೊಳ್ಳಿ. ಎಲ್ಲಕ್ಕೂ ಒಂದೇ ಸಾಲದು: ಸಣ್ಣ ಬೋಲ್ಟುಗಳಿಗೆ 5ರಿಂದ 25 ನ್ಯೂಟನ್ ಮೀಟರ್ ಆಸುಪಾಸಿನದು, ಚಕ್ರದ ನಟ್ಟಿನಂಥವಕ್ಕೆ 40ರಿಂದ 200ರದು. ದೊಡ್ಡ ರೆಂಚಿನ ಕೆಳತುದಿಯ ಅಳತೆಯನ್ನು ನಂಬಲಾಗದು. ಹಿಡಿಕೆಯ ನಡುವೆ ಹಿಡಿದು ನಿಧಾನಕ್ಕೆ ಎಳೆಯಿರಿ, ಒಂದು ಕ್ಲಿಕ್ ಕೇಳಿದರೆ ನಿಲ್ಲಿಸಿ. "ಇನ್ನೊಂದು ಕ್ಲಿಕ್ ಇರಲಿ" ಎಂಬ ಅಭ್ಯಾಸ ರೆಂಚ್ ಇದ್ದೂ ಬೋಲ್ಟು ಕೆಡಿಸುತ್ತದೆ. ಕೆಲಸವಾದ ಮೇಲೆ ಅತಿ ಕಡಿಮೆ ಗುರುತಿಗೆ ಇಳಿಸಿಡಿ. ಅದರಿಂದ ಬೋಲ್ಟು ಬಿಚ್ಚಬೇಡಿ.

ಸಂಖ್ಯೆಗಳನ್ನು ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಎಂ14 ಡ್ರೈನ್ ಬೋಲ್ಟಿಗೆ ಹಲವು ಸಣ್ಣ ಕಾರುಗಳಲ್ಲಿ 35ರಿಂದ 40 ನ್ಯೂಟನ್ ಮೀಟರ್ ಇರುತ್ತದೆ. ನಿಮ್ಮ ಪೈಪಿನ ತುದಿಯಲ್ಲಿ ಅದು ಏನೂ ಅಲ್ಲ. ಆಯಿಲ್ ಫಿಲ್ಟರಿಗೆ ಸ್ಪ್ಯಾನರ್ ಬೇಡ, ರಬ್ಬರ್ ಉಂಗುರಕ್ಕೆ ಆಯಿಲ್ ಸವರಿ, ಅದು ಮುಟ್ಟಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ ಎಂ14 ಸ್ಪಾರ್ಕ್ ಪ್ಲಗ್ಗಿಗೆ 25ರಿಂದ 30, ಎಂ12ಕ್ಕೆ 15ರಿಂದ 20. ಪ್ಲಗ್ಗನ್ನು ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ. ಲೇಪನವಿರುವ ಪ್ಲಗ್ಗಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ.

ಯಾವ ಬೋಲ್ಟನ್ನಾದರೂ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಕೂರಿಸಿ. ಮೊದಲು ಹಿಂದಕ್ಕೆ ತಿರುಗಿಸಿ. ಥ್ರೆಡ್ಡಿನ ತುದಿಗಳು ಸೇರುವಲ್ಲಿ ಬೋಲ್ಟು ಸಣ್ಣಗೆ ಕೆಳಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಓರೆಯಾಗಿ ಹತ್ತುವ ಪ್ರಶ್ನೆ ಬರುವುದಿಲ್ಲ. ಎರಡು ಸುತ್ತಿನೊಳಗೆ ಗಟ್ಟಿಯಾದರೆ ಬಿಚ್ಚಿ ಮತ್ತೆ ಕೂರಿಸಿ. ಸಿಲಿಂಡರ್ ಹೆಡ್ ಬೋಲ್ಟಿನಂಥವುಗಳನ್ನು ಮನೆಯಲ್ಲಿ ಮುಟ್ಟಬೇಡಿ. ಈಚಿನ ಹಲವು ಎಂಜಿನ್‌ಗಳಲ್ಲಿ ಅವುಗಳನ್ನು ಮಿತಿಯವರೆಗೆ ಹಿಗ್ಗಿಸಿಯೇ ಕೂರಿಸಿರುತ್ತಾರೆ, ಒಮ್ಮೆ ಬಿಚ್ಚಿದರೆ ಹೊಸದೇ ಬೇಕು.

ನೀವು ಕೇಳದಿದ್ದರೂ ಚಕ್ರದ ನಟ್ಟಿನ ಬಗ್ಗೆ ಹೇಳಲೇಬೇಕು. ಅತಿ ಬಿಗಿಯಿಂದ ಜೀವಕ್ಕೆ ಕುತ್ತು ಬರುವುದು ಅಲ್ಲಿ. ಸಣ್ಣ ಕಾರುಗಳಲ್ಲಿ ಅದಕ್ಕೆ 85ರಿಂದ 110 ನ್ಯೂಟನ್ ಮೀಟರ್ ಸಾಮಾನ್ಯ. 60 ಕಿಲೋದ ಮನುಷ್ಯ ಅರ್ಧ ಮೀಟರ್ ಪಾನದ (ಚಕ್ರದ ಸ್ಪ್ಯಾನರಿನ) ತುದಿಯಲ್ಲಿ ಕಾಲಿಟ್ಟು ನಿಂತರೆ ಸುಮಾರು 300 ಬೀಳುತ್ತದೆ. ಸ್ಟಡ್, ಅಂದರೆ ನಟ್ಟು ಕೂರುವ ಥ್ರೆಡ್ಡಿನ ಕಡ್ಡಿ, ಹಿಗ್ಗುತ್ತದೆ, ಒಂದಕ್ಕೊಂದು ಅಸಮವಾಗಿ ಬಿಗಿದ ನಟ್ಟುಗಳು ಬ್ರೇಕ್ ಡಿಸ್ಕನ್ನು ಓರೆ ಹಿಡಿದು ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ. ರಾತ್ರಿ ದಾರಿಯಲ್ಲಿ ಪಂಕ್ಚರ್ ಆದರೆ ಡಿಕ್ಕಿಯಲ್ಲಿರುವ ಗಿಡ್ಡ ಪಾನದಿಂದ ನಟ್ಟು ಬಿಚ್ಚುವುದು ಆಗದ ಮಾತು. ಪಂಕ್ಚರ್ ಅಂಗಡಿಯಲ್ಲಿ ಕೊನೆಯ ಬಿಗಿಯನ್ನು ಗನ್ನಿನಿಂದ ಮಾಡಬೇಡಿ, ಕೈಯಿಂದ ಮಾಡಿ ಎಂದು ಕೇಳಲು ಸಂಕೋಚ ಬೇಡ. ಕಡಲ ಊರಿನಲ್ಲಿ ತುಕ್ಕಿಗೆ ಹೆದರಿ ಸ್ಟಡ್ಡಿಗೆ ಗ್ರೀಸ್ ಮೆತ್ತುತ್ತಾರೆ; ಆಗ ಅದೇ ಕ್ಲಿಕ್ಕಿಗೆ ಸ್ಟಡ್ ಅತಿಯಾಗಿ ಹಿಗ್ಗುತ್ತದೆ. ಸ್ಟಡ್ಡನ್ನು ಏನೂ ಹಚ್ಚದೆ ವೈರ್ ಬ್ರಷ್‌ನಿಂದ ಉಜ್ಜಿ, ಚಕ್ರ ಕೂರುವ ಹಬ್ಬಿನ ನಡುವಿನ ಉಂಗುರಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಿ. ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಗಾಡಿ ತಣ್ಣಗಿದ್ದಾಗ ಟಾರ್ಕ್ ರೆಂಚ್ ಹಿಡಿದು ಒಮ್ಮೆ ಎಲ್ಲವನ್ನೂ ಪರೀಕ್ಷಿಸಿ.